ಗುರುಸಿದ್ದಪ್ಪ ಎಂಟು ಹೊಡೆದದ್ದು

ಬನಹಟ್ಟಿಯ ನಮ್ಮ ಓಣಿಯಲ್ಲಿ ಗುರುಸಿದ್ದಪ್ಪನ ಬಾಯಿಗೆ ಸಿಗದೆ ಗಾಡಿ ದಾಟಿಸಿದವರು ಯಾರೂ ಇಲ್ಲ. ಬೆಳಿಗ್ಗೆ ಏಳಕ್ಕೆ ಹಲ್ಲುಜ್ಜುತ್ತ ಕಟ್ಟೆಯ ಮೇಲೆ ಬಂದು ನಿಂತನೆಂದರೆ ಅವನದೇ ಒಂದು ಠಾಣೆ ಶುರುವಾದ ಹಾಗೆ. ಹಾಲಿನವನ ಬೈಕು ಜೋರಾಗಿ ಬಂದರೆ "ಲೈಸನ್ಸ್ ಐತೇನಲೇ ನಿನಗ?" ಎಂದು ಕೂಗುವನು. ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಕುತ್ತಿಗೆ ಸೊಟ್ಟಗೆ ಮಾಡಿಕೊಂಡು ಬಂದವನಿಗೂ ಅದೇ ಪ್ರಶ್ನೆ. ಒಂದೇ ಗಾಡಿಯ ಮೇಲೆ ಮೂವರು ಬಂದರೆ "ಮೂರೂ ಮಂದಿ ಕೂಡಿ ಒಂದರ ಐತೇನು?" ಒಮ್ಮೆ ಎಮ್ಮೆ ಅಡ್ಡ ಬಂದಾಗ, ಬಾಯಿತುಂಬ ಪೇಸ್ಟಿನ ನೊರೆ ಇದ್ದರೂ ಅದಕ್ಕೂ ಇದನ್ನೇ ಕೇಳಿದ್ದನೆಂದು ಅವನ ಹೆಂಡತಿ ಗಂಗಾಂಬಿಕಾ ಈಗಲೂ ಹೇಳುತ್ತಾಳೆ.

ಇಪ್ಪತ್ತೆರಡು ವರ್ಷ ಈ ಪ್ರಶ್ನೆ ಕಟ್ಟೆಯಿಂದ ರಸ್ತೆಗೆ ಹೋಗುತ್ತಿತ್ತೇ ಹೊರತು ರಸ್ತೆಯಿಂದ ಕಟ್ಟೆಗೆ ಬಂದದ್ದಿಲ್ಲ. ಬಂದದ್ದು ಈ ಸಂಕ್ರಾಂತಿ ಮುಗಿದ ವಾರ. ಎದುರುಮನೆಯ ಬಸವಕುಮಾರ ತನ್ನ ಹೊಸ ಬೈಕನ್ನು ತಿರುವಿನಲ್ಲಿ ವಾಲಿಸಿಕೊಂಡು ಬಂದ. ಗುರುಸಿದ್ದಪ್ಪ ಕಟ್ಟೆಯಿಂದಲೇ ಗುಡುಗಿದ. ಹುಡುಗ ಗಾಡಿ ನಿಲ್ಲಿಸಿದ, ಹಿಂದಿನ ಕಿಸೆಯಿಂದ ಪಾಕೀಟು ತೆಗೆದ, ಪಾಕೀಟಿನಿಂದ ಕಾರ್ಡು ತೆಗೆದ.

"ಐತ್ರಿ ಕಾಕಾ," ಎಂದು ಎತ್ತಿ ತೋರಿಸಿದ. ಆಮೇಲೆ, ಮನಸ್ಸಿನಲ್ಲಿ ಏನೂ ಕೆಟ್ಟದ್ದಿಲ್ಲದೆಯೇ, "ನಿಮ್ದು?" ಎಂದ.

ಆಗಷ್ಟೇ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಬೇರೆ ಹೊತ್ತಿನಲ್ಲಾಗಿದ್ದರೆ ಖಟಪಟ ಸದ್ದಿನಲ್ಲಿ ಮುಳುಗಿ ಹೋಗಬೇಕಾಗಿದ್ದ ಮಾತು ಹನ್ನೆರಡು ಮನೆಗೆ ಚೊಕ್ಕವಾಗಿ ಕೇಳಿಸಿತು.

"ನಂದು ಮನ್ಯಾಗೈತಿ," ಎಂದ ಗುರುಸಿದ್ದಪ್ಪ.

"ಮನ್ಯಾಗ ಎಲ್ಲೈತ್ರಿ?" ಗಂಗಾಂಬಿಕಾ ಒಳಗಿನಿಂದಲೇ ಕೇಳಿದಳು. "ದೀಪಾವಳಿಗಿ ಸುಣ್ಣಾ ಹೊಡಿಯೂಮುಂದ ಟ್ರಂಕು, ಕಪಾಟು ಎಲ್ಲಾ ತಗದ ಒರಸೇನಿ. ನನಗೆಲ್ಲೂ ಕಣ್ಣಿಗಿ ಬೀಳ್ಲಿಲ್ಲಲ್ಲ."

ಬೀಳುವುದೆಲ್ಲಿಂದ? ಇದ್ದರೆ ತಾನೆ. ನೇಕಾರರ ಮನೆಗಳಿಂದ ಸೀರೆ ಎತ್ತಿ ಜಮಖಂಡಿ, ಮುಧೋಳ, ಬೀಳಗಿಯ ಅಂಗಡಿಗಳಿಗೆ ಮುಟ್ಟಿಸುವುದು ಗುರುಸಿದ್ದಪ್ಪನ ದಂಧೆ. ಸ್ಕೂಟರು ಕಲಿತ ಮಾರನೆಯ ದಿನವೇ ಕಾಲ ಬಳಿ ಸೀರೆಯ ಗಂಟಿಟ್ಟುಕೊಂಡು ಹೊರಟವನು, "ಈ ವಾರ ಆಗ್ಲಿ, ಮುಂದಿನ ವಾರ ಮಾಡಸ್ತೀನಿ" ಎನ್ನುತ್ತ ಇಪ್ಪತ್ತೆರಡು ವರ್ಷ ಹಾಗೆಯೇ ಹೊರಟಿದ್ದ. ಹಣೆಯ ಮೇಲೆ ವಿಭೂತಿ, ತಲೆಯ ಮೇಲೆ ಬಿಳಿ ಟೊಪ್ಪಿಗೆ, ಮುಂದೆ ಸೀರೆಯ ಗಂಟು. ಇಂಥವನನ್ನು ಯಾವ ಪೊಲೀಸರೂ ತಡೆಯಲಿಲ್ಲ. ತನ್ನ ಬಳಿ ಲೈಸನ್ಸ್ ಇಲ್ಲವೆಂಬುದು ಅವನಿಗೇ ಅರ್ಧ ಮರೆತುಹೋಗಿತ್ತು.

ಈಗ ದಿನಾ ಬೆಳಿಗ್ಗೆ ಬಸವಕುಮಾರ ಕಟ್ಟೆಯ ಮುಂದೆ ಗಾಡಿ ನಿಧಾನ ಮಾಡಿ, "ಸಿಕ್ತೇನ್ರಿ ಕಾಕಾ?" ಎಂದು ಕೇಳತೊಡಗಿದ. ಕಳೆದ ವಸ್ತುವಿನ ಬಗ್ಗೆ ನಿಜವಾದ ಕಾಳಜಿ ಹುಡುಗನದು. ಗುರುಸಿದ್ದಪ್ಪ "ಹುಡಕಾಕತ್ತೇನಿ" ಎಂದು ಒಳಗೆ ಹೋಗುವನು. ಹೀಗೆ ಕಟ್ಟೆ ಖಾಲಿಯಾಯಿತು. ಓಣಿಯಲ್ಲಿ ಮೂವರು ಕೂತ ಗಾಡಿಗಳು ಹಾಡು ಹೇಳುತ್ತ ಹೋದವು, ಗುರುಸಿದ್ದಪ್ಪ ಕಿಟಕಿಯ ಹಿಂದೆ ನಿಂತು ಹಲ್ಲು ಕಚ್ಚಿದ. ಬಯ್ಯಲಾಗದ ಬೆಳಗು ಅವನಿಗೆ ಚಹಾ ಇಲ್ಲದ ಬೆಳಗಿಗಿಂತ ಕೆಟ್ಟದಾಗಿತ್ತು. ಕಟ್ಟೆ ತನಗೆ ಮರಳಿ ಸಿಗಬೇಕಾದರೆ ಲೈಸನ್ಸ್ ಮಾಡಿಸಲೇಬೇಕು, ಮಾಡಿಸಿದ್ದು ಯಾರಿಗೂ ಗೊತ್ತಾಗಬಾರದು.

ಬನಹಟ್ಟಿಯಲ್ಲಿ ಅರ್ಜಿ ಹಾಕಿದರೆ ಓಣಿಗೆ ಸುದ್ದಿ ಮುಟ್ಟುತ್ತದೆಂದು ಮುಧೋಳದ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ ಹಾಕಿದ. ಕಲಿಯುವವರಿಗೆ ಕೊಡುವ ಲೈಸನ್ಸ್ ಬಂತು. ನಲವತ್ತೇಳು ವರ್ಷದ ಗುರುಸಿದ್ದಪ್ಪ ಸರ್ಕಾರದ ಲೆಕ್ಕದಲ್ಲಿ ಹೊಸದಾಗಿ ಗಾಡಿ ಕಲಿಯುವವನಾದ. ಒಂದು ತಿಂಗಳು ಕಳೆಯಿತು. ಜಮಖಂಡಿಯ ಮೈದಾನದಲ್ಲಿ ಗಾಡಿಯಲ್ಲಿ ಎಂಟು ಹೊಡೆದು ತೋರಿಸುವ ಪರೀಕ್ಷೆಯ ದಿನ ಬಂತು.

ಆ ಬೆಳಿಗ್ಗೆ ಅವನು ಮೊಳೆಗೆ ತೂಗುಹಾಕಿದ್ದ ಹೆಲ್ಮೆಟ್ಟಿಗೆ ಕೈ ಹಾಕಿದ.

"ತಡೀರಿ ತಡೀರಿ, ಅದರಾಗ ಮೆಣಸಿನಕಾಯಿ ಇಟ್ಟೇನಿ," ಎಂದು ಗಂಗಾಂಬಿಕಾ ಓಡಿಬಂದು ಒಣಮೆಣಸಿನಕಾಯಿಯನ್ನು ಮೊರಕ್ಕೆ ಸುರುವಿಕೊಂಡಳು. "ಎಂದೂ ಇಲ್ಲದ್ದು ಇವತ್ತ್ಯಾಕ್ರಿ ಹೆಲ್ಮೆಟ್?"

"ಬಿಸಲೈತಿ."

"ಏಳೂವರಿಗಿ?"

ಗುರುಸಿದ್ದಪ್ಪ ಸೀರೆಯ ಗಂಟನ್ನು ಸ್ಕೂಟರಿನ ಮುಂದೆ ಇಟ್ಟ. ಜಮಖಂಡಿಯ ಅಂಗಡಿಗೆ ಮಾಲು ಕೊಡಲು ಹೋಗುತ್ತಿದ್ದಾನೆಂದು ಮನೆಯಲ್ಲಿ ಹೇಳಿದ್ದ. ಸುಳ್ಳಿಗೊಂದು ಗಂಟು ಬೇಕಿತ್ತು. ಸ್ಕೂಟರನ್ನು ಒದ್ದ. ನಾಲ್ಕನೆಯ ಒದೆತಕ್ಕೆ ಅದು ಎದ್ದಿತು. ಎಡಗೈಯಿಂದ ಖಟ್ಟೆಂದು ಗೇರು ತಿರುವಿ ಇನ್ನೇನು ಹೊರಡಬೇಕು, ಪಕ್ಕದ ಮನೆಯ ಮುತ್ತವ್ವ ಸೆರಗು ಸುತ್ತಿಕೊಂಡು ಬಂದವಳೇ ಹಿಂದಿನ ಸೀಟಿನ ಮೇಲೆ ಕೂತೇಬಿಟ್ಟಳು.

"ಕಣ್ಣಿನ ದವಾಖಾನಿಗಿ ಹೋಗಬೇಕಾಗೇತಿ ತಮ್ಮಾ. ನೀ ಜಮಖಂಡಿಗಿ ಹೊಂಟಿ ಅಂತ ಗಂಗಾ ಹೇಳಿದ್ಲು. ನಡಿ."

"ದೊಡವ್ವಾ, ನನಗ ಬ್ಯಾರೆ ಕೆಲಸ ಐತಿ…"

"ನಿನ್ನ ಕೆಲಸ ನೀ ಮಾಡ್ಕೊ. ನಾ ಸುಮ್ಕ ಕುಂತಿರ್ತೀನಿ."

ಮುತ್ತವ್ವ ಸುಮ್ಮನೆ ಕೂತದ್ದನ್ನು ಎಪ್ಪತ್ತು ವರ್ಷದಲ್ಲಿ ಯಾರೂ ಕಂಡಿರಲಿಲ್ಲ. ಇಬ್ಬರೂ ಹೊರಟರು.

ಊರು ದಾಟುತ್ತಿದ್ದಂತೆ ಮುಂದೆ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು. ಎರಡು ಟ್ರೇಲರು, ಮೇಲೆ ಎರಡಾಳು ಎತ್ತರ ಕಬ್ಬು, ಎರಡೂ ಬದಿಗೆ ಗರಿ ಚಾಚಿಕೊಂಡು ರಸ್ತೆಯೆಲ್ಲ ತನ್ನದೇ ಎನ್ನುವಂತೆ ಹೋಗುತ್ತಿತ್ತು. ಹಾಡು ಎಷ್ಟು ಜೋರಾಗಿತ್ತೆಂದರೆ ಗುರುಸಿದ್ದಪ್ಪನ ಹಾರ್ನು ಅವನಿಗೇ ಕೇಳಿಸಲಿಲ್ಲ. ಅವನ ಸ್ಕೂಟರಿನಲ್ಲಿ ಸರಿಯಾಗಿ ನಡೆಯುತ್ತಿದ್ದುದು ಹಾರ್ನೊಂದೇ. ಕನ್ನಡಿಗಳು ಗಂಟಿಗೆ ತಾಕುತ್ತವೆಂದು ಹಿಂದೆಯೇ ಬಿಚ್ಚಿಸಿದ್ದ, ಇಂಡಿಕೇಟರು ತಾನಾಗಿಯೇ ಉದುರಿತ್ತು.

"ಹಿಂದ ಒಂದ ಕೆಂಪ ಲೈಟಾದ್ರೂ ಐತೇನ ನೋಡ ದೊಡವ್ವಾ! ಇಂಥಾವ್ರಿಗಿ ಯಾರ ಕೊಟ್ರು ಗಾಡಿ!" ಎಂದು ಗುರುಸಿದ್ದಪ್ಪ ಬಿಸಿಯಾದ.

"ಇನ್ನಷ್ಟ ಸನೇಕ ತಗೋ ತಮ್ಮಾ," ಎಂದಳು ಮುತ್ತವ್ವ.

"ಯಾಕ?"

"ತಗೋ ಅಂದ್ರ ತಗೋ."

ತೆಗೆದುಕೊಂಡ. ರಸ್ತೆಯ ಉಬ್ಬಿನಲ್ಲಿ ಟ್ರ್ಯಾಕ್ಟರು ನಿಧಾನವಾದ ಗಳಿಗೆ ನೋಡಿ ಮುತ್ತವ್ವ ಕೈ ಚಾಚಿ ಒಂದು ಕಬ್ಬನ್ನು ಹಿಡಿದು ಎಳೆದಳು. ಕಬ್ಬು ಬರಲಿಲ್ಲ. ಮುತ್ತವ್ವ ಬಿಡಲಿಲ್ಲ. ಒಂದು ಫರ್ಲಾಂಗಿನಷ್ಟು ದೂರ ಆ ಟ್ರೇಲರೇ ಸ್ಕೂಟರನ್ನು ಎಳೆದುಕೊಂಡು ಹೋಯಿತೆಂದರೂ ಆದೀತು. ಕೊನೆಗೆ ಕಬ್ಬು ಕಿತ್ತು ಬಂತು. ಅದು ಗುರುಸಿದ್ದಪ್ಪನ ಟೊಪ್ಪಿಗೆಯನ್ನು ಗಟಾರಕ್ಕೆ ಒಯ್ದಿತು. ಹೆಲ್ಮೆಟ್ಟು ಆಗ ಎಲ್ಲಿತ್ತೆಂದರೆ ಅವನ ಮೊಣಕೈಯಲ್ಲಿತ್ತು.

ಮುಂದೆ ಅರ್ಧ ರಸ್ತೆಗೆ ಜೋಳದ ತೆನೆ ಹಾಸಿದ್ದರು. ಹೋಗುವ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಬೇಕೆಂಬ ವ್ಯವಸ್ಥೆ ಅದು. ಗುರುಸಿದ್ದಪ್ಪ ಜಾಣತನದಿಂದ ಬದಿಗೆ ಸರಿದು ಹೋಗಲು ನೋಡಿದ. ಹೊಲದೊಡತಿ ಸಿಟ್ಟಿನಿಂದ ಎದ್ದು ನಿಂತಳು.

"ಯಣ್ಣಾ, ಬಾಜೂಕ ಯಾಕ ಹೊಕ್ಕಿ? ಮ್ಯಾಲಿಂದ ಹೋಗು! ನಿಮಗಂತನ ಹಾಸೇವಿ!"

"ಗಾಡಿ ಜಾರ್ತೈತ್ಬೇ ಯವ್ವಾ!"

"ಬಸ್ಸು ಜಾರ್ಲಿಲ್ಲ, ಲಾರಿ ಜಾರ್ಲಿಲ್ಲ, ನಿಂದೇನ ಜಾರ್ತೈತಿ!"

ಮರ್ಯಾದೆಯ ಪ್ರಶ್ನೆ ಬಂತು. ಗುರುಸಿದ್ದಪ್ಪ ಮೇಲಿಂದಲೇ ಹೋದ, ಮೇಲಿಂದಲೇ ಜಾರಿದ, ಎರಡೂ ಕಾಲು ನೆಲಕ್ಕೆ ಕೊಟ್ಟು ಹಂಸದ ಹಾಗೆ ನಡೆದುಕೊಂಡು ಆಚೆ ದಡ ಸೇರಿದ. ಅಷ್ಟು ಹೊತ್ತಿಗೆ ಮುತ್ತವ್ವನಿಗೆ ಪರಿಚಯದ ತೋಟವೊಂದು ಕಂಡಿತು. "ಅಕಾ, ಅದು ನನ್ನ ಹುನ್ನೂರ ಬೀಗರದು!" ಎಂದು ಬಲಗೈಯನ್ನು ಪೂರ್ತಿ ಚಾಚಿದಳು. ಹಿಂದೆ ಬರುತ್ತಿದ್ದ ಬಸ್ಸಿನವನು ಇವರು ಬಲಕ್ಕೆ ತಿರುಗುತ್ತಾರೆಂದುಕೊಂಡು ಎಡಕ್ಕೆ ನುಗ್ಗಿದ. ಗುರುಸಿದ್ದಪ್ಪನೂ ಎಡಕ್ಕೇ ಇದ್ದ. ಬಸ್ಸು ಕಿರುಚಿಕೊಂಡು ನಿಂತಿತು, ಡ್ರೈವರು ತಲೆ ಹೊರಗೆ ಹಾಕಿದ.

"ಏ ಯಜಮಾನ! ಲೈಸನ್ಸ್ ಐತೇನೋ ನಿನಗ?"

ಇದು ತನ್ನ ಮಾತು, ತನ್ನದೇ ಧಾಟಿ. ಇಪ್ಪತ್ತೆರಡು ವರ್ಷ ತಾನು ಊರಿಗೆಲ್ಲ ಹಂಚಿದ್ದು ಹೀಗೆ ಕೇಳಿಸುತ್ತದೆಂದು ಗುರುಸಿದ್ದಪ್ಪ ಮೊದಲ ಸಲ ತಿಳಿದ. ಕೇಳಲು ಅಷ್ಟೇನೂ ಚೆನ್ನಾಗಿರಲಿಲ್ಲ. "ಇವತ್ತ ಸಂಜಿಗಿ ಬರ್ತೈತ್ರಿ," ಎಂದು ಮೆಲ್ಲಗೆ ಹೇಳಿ ಹೊರಟ.

ಮೈದಾನ ತಲುಪಿದಾಗ ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಸುಣ್ಣದ ಪುಡಿಯಿಂದ ದೊಡ್ಡದೊಂದು ಎಂಟು ಬರೆದಿದ್ದರು. ಇಪ್ಪತ್ತು ಮಂದಿ ಕಾಗದ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರೂ ಅವನ ಅರ್ಧ ವಯಸ್ಸಿನವರು. ಕಾಗದ ನೋಡುತ್ತಿದ್ದ ಸಿಬ್ಬಂದಿ ಸ್ಕೂಟರಿನ ಸುತ್ತ ಒಂದು ಸುತ್ತು ಬಂದ.

"ಕನ್ನಡಿ?"

"ಇಲ್ರಿ."

"ಇಂಡಿಕೇಟರ್?"

"ಅದೂ ಇಲ್ರಿ."

"ನಂಬರ್ ಪ್ಲೇಟಿನ ಮ್ಯಾಲ ಏನ್ರಿ ಇದು?"

"ಖಂಡೇನವಮಿಗಿ ಗಾಡಿಪೂಜಿ ಮಾಡಿದ್ದ ಅರಿಷಿಣ ಕುಂಕುಮ ರೀ."

"ಈ ಗಾಡಿ ಮ್ಯಾಲ ಟೆಸ್ಟ್ ಆಗಂಗಿಲ್ರಿ. ಬ್ಯಾರೆ ಗಾಡಿ ತರ್ರಿ. ಇಲ್ಲಂದ್ರ ಇನ್ನೊಂದ ದಿನ ತಗೋರಿ."

ಇನ್ನೊಂದು ದಿನವೆಂದರೆ ಇನ್ನೊಂದು ಸುಳ್ಳು, ಇನ್ನಷ್ಟು ದಿನ ಕಿಟಕಿಯ ಹಿಂದೆ ನಿಲ್ಲುವುದು. ಗುರುಸಿದ್ದಪ್ಪ ಹಣೆ ಒರೆಸಿಕೊಂಡು ತಿರುಗಿದರೆ, ಎದುರಿಗೇ ಗುಲಾಬಿ ಬಣ್ಣದ ಸ್ಕೂಟಿ ಹಿಡಿದು ಕಾಂಚನಾ ನಿಂತಿದ್ದಳು. ಅದೇ ಓಣಿಯ ಕೊನೆಮನೆಯ ಅಂಗನವಾಡಿ ಟೀಚರು. ವಾರಕ್ಕೆ ಎರಡು ಸಲವಾದರೂ ಅವನ ಪ್ರಶ್ನೆಗೆ ಸಿಕ್ಕವಳು.

"ಕಾಕಾರ! ನೀವಿಲ್ಲಿ?"

"ನೀವೆಲ್ಲಾ ಸರಿಯಾಗಿ ಹೊಡೀತೀರೋ ಇಲ್ಲೋ ನೋಡೂಣಂತ ಬಂದೆ," ಎಂದ ಗುರುಸಿದ್ದಪ್ಪ. ಅವನ ಬಾಯಿಗೆ ಇಂಥ ಮಾತು ಹೇಗೆ ಬರುತ್ತದೋ ಅವನಿಗೇ ತಿಳಿಯದು.

ಕಾಂಚನಾಳ ಕಣ್ಣು ತುಂಬಿತು. "ನಿಮ್ಮ ಬೈಗಳಕ್ಕ ಅಂಜೇ ನಾ ಲೈಸನ್ಸಿಗಿ ಬಂದೇನ್ರಿ. ನನಗ ಧೈರ್ಯಾ ಹೇಳಾಕ ಇಷ್ಟ ದೂರ ಬಂದ್ರೆಲ್ಲ! ಇಲ್ಲೇ ನನ್ನ ಬಾಜೂ ನಿಂದರ್ರಿ."

ನಿಂತ. ಬೇರೆ ದಾರಿ ಏನಿತ್ತು? ಕಾಂಚನಾ ಎಂಟನ್ನು ಹಗುರವಾಗಿ ಹೊಡೆದು ಬಂದಳು. ಗುರುಸಿದ್ದಪ್ಪ ಚಪ್ಪಾಳೆ ತಟ್ಟಿದ. ಚಪ್ಪಾಳೆಯ ನಡುವೆಯೇ ಸಿಬ್ಬಂದಿ ಕೂಗಿದ: "ಗುರುಸಿದ್ದಪ್ಪ, ಬನಹಟ್ಟಿ!"

ಗುರುಸಿದ್ದಪ್ಪ ಆಕಾಶ ನೋಡಿದ.

"ಗುರುಸಿದ್ದಪ್ಪ, ಬನಹಟ್ಟಿ! ಬಂದಾರೇನ್ರಿ?"

"ಲೇ ತಮ್ಮಾ, ನಿನ್ನ ಕರಿಯಾಕತ್ತಾರ!" ಎಂದು ಬೇವಿನ ಮರದ ಕೆಳಗಿನಿಂದ ಮುತ್ತವ್ವ, ಕಬ್ಬು ಸಿಗಿಯುವುದನ್ನು ಬಿಟ್ಟು ಕೂಗಿದಳು.

ಕಾಂಚನಾ ಸಿಬ್ಬಂದಿಯ ಕೈಯಲ್ಲಿದ್ದ ಕಾಗದ ನೋಡಿದಳು, ಅದರ ಮೇಲಿನ ಫೋಟೋ ನೋಡಿದಳು, ಆಮೇಲೆ ಕಾಕಾನ ಮುಖ ನೋಡಿದಳು. ಗುರುಸಿದ್ದಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅದು ಬಾಯಿ ಬಿಡುವ ಲಕ್ಷಣ ಕಾಣಲಿಲ್ಲ.

"ಕಾಂಚನಾ, ಓಣ್ಯಾಗ ಹೇಳಬ್ಯಾಡವಾ," ಎಂದ. "ನನ್ನ ಮಾನಾ ನಿನ್ನ ಕೈಯಾಗೈತಿ. ಮತ್ತ… ನಿನ್ನ ಗಾಡಿನೂ ಒಂದ ಗಳಿಗಿ ಬೇಕಾಗೇತಿ."

ಕಾಂಚನಾ ನಗು ತಡೆದು ಕೀಲಿಕೈ ಕೊಟ್ಟಳು. "ನಾಳಿಂದ ನನಗ ಕೇಳಂಗಿಲ್ಲ ನೋಡ್ರಿ."

"ಇಲ್ಲವಾ, ಆಣಿ ಮಾಡ್ತೀನಿ."

ಹೆಲ್ಮೆಟ್ಟನ್ನು ಕೊನೆಗೂ ತಲೆಗೆ ಹಾಕಿಕೊಂಡ. ಮೆಣಸಿನಕಾಯಿ ಹೋಗಿತ್ತು, ಅದರ ಖಾರ ಹೋಗಿರಲಿಲ್ಲ. ಬೆವರಿಗೆ ಖಾರ ಇಳಿದು ಕಣ್ಣಲ್ಲಿ ನೀರು ಸುರಿಯತೊಡಗಿತು. ಅದೇ ಸ್ಥಿತಿಯಲ್ಲಿ ಗುಲಾಬಿ ಸ್ಕೂಟಿಯೇರಿ ಎಂಟಿನೊಳಗೆ ಹೊಕ್ಕ.

ಅವನ ಕೈಕಾಲುಗಳಿಗೆ ಏನೂ ತಿಳಿಯಲಿಲ್ಲ. ಎದುರಿಗೆ ಟ್ರ್ಯಾಕ್ಟರಿಲ್ಲ, ಅಡ್ಡ ಕುರಿಯಿಲ್ಲ, ಬಯ್ಯಲು ಯಾರೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕಾಲ ಬಳಿ ಗಂಟಿಲ್ಲ. ಇಪ್ಪತ್ತೆರಡು ವರ್ಷ ಮಣಭಾರದ ಗಂಟನ್ನು ಎರಡೂ ಮೊಣಕಾಲಿನಿಂದ ಒತ್ತಿ ಹಿಡಿದೇ ಗಾಡಿ ತಿರುಗಿಸಿದವನು ಅವನು. ಮೊದಲ ತಿರುವಿನಲ್ಲಿ ಮೊಣಕಾಲುಗಳು ಗಂಟನ್ನು ಹುಡುಕಿದವು, ಸಿಗಲಿಲ್ಲ. ಸ್ಕೂಟಿ ಕುಡಿದವನಂತೆ ತೂರಾಡಿತು. ಎಡಗೈ ಇಲ್ಲದ ಗೇರನ್ನು ತಿರುವಲು ಹೋಯಿತು. ಕಾಲು ನೆಲಕ್ಕೆ ಬಿತ್ತು.

ಟೆಸ್ಟ್ ನೋಡುತ್ತ ಕೂತಿದ್ದ ಆರ್‌ಟಿಒ ಸಾಹೇಬರು ಸೀಟಿ ಊದಿದರು. "ಕಾಲ ಕೊಟ್ರಿ. ಕಲಿಯಾಕತ್ತ ಎಷ್ಟ ದಿನಾತ್ರಿ?"

"ಒಂದ ತಿಂಗಳಾತ್ರಿ ಸಾಹೇಬ್ರ," ಎಂದ ಗುರುಸಿದ್ದಪ್ಪ ಸುರಿವ ಕಣ್ಣು ಒರೆಸಿಕೊಳ್ಳುತ್ತ.

"ಎಲ್ಲೀ ಒಂದ ತಿಂಗಳ್ರಿ!" ಮುತ್ತವ್ವ ಮರದ ಕೆಳಗಿನಿಂದ ಎದ್ದು ಬಂದೇಬಿಟ್ಟಳು. "ಇಪ್ಪತ್ತೆರಡ ವರ್ಷಾತ್ರಿ ಸಾಹೇಬ್ರ! ನನ್ನ ಎಷ್ಟ ಸಲ ಜಮಖಂಡಿಗಿ ಕರಕೊಂಡ ಬಂದಾನ. ಭಾಳ ಛಲೋ ಹೊಡೀತಾನ್ರಿ. ಗಂಟಿಲ್ದ ಅವಗ ಆಗಂಗಿಲ್ಲ, ಅಷ್ಟ."

ಸಾಹೇಬರು ಪೆನ್ನು ಕೆಳಗಿಟ್ಟರು. ಗುರುಸಿದ್ದಪ್ಪನನ್ನು ನೋಡಿದರು. ಆ ಕಣ್ಣೀರು ಪಶ್ಚಾತ್ತಾಪದ್ದೆಂದು ತಿಳಿದರೋ ಏನೋ, ದನಿ ಸ್ವಲ್ಪ ಮೆತ್ತಗಾಯಿತು. "ಅಳಬ್ಯಾಡ್ರಿ ಯಜಮಾನ್ರ. ಇಷ್ಟ ವರ್ಷದ ಮ್ಯಾಲರ ಬಂದ್ರೆಲ್ಲ, ಅದ ದೊಡ್ಡದು. ಎಲ್ಲಾರದೂ ಮುಗದ ಮ್ಯಾಲ ಇನ್ನೊಂದ ಸಲ ಹೊಡೀರಿ."

"ಗಂಟ ಇಟ್ಕೊಳ್ಲೇನ್ರಿ?" ಎಂದ ಗುರುಸಿದ್ದಪ್ಪ.

ಮೈದಾನವೆಲ್ಲ ನಕ್ಕಿತು. ಸಾಹೇಬರು ಮಾತ್ರ ನಗಲಿಲ್ಲ, ಯೋಚಿಸಿದರು. "ಗಂಟ ಇರಬಾರದು ಅಂತ ನಾ ಎಲ್ಲೂ ಓದಿಲ್ಲ. ಇಟ್ಕೋರಿ."

ಸೀರೆಯ ಗಂಟು ಗುಲಾಬಿ ಸ್ಕೂಟಿಯ ಮೇಲೆ ಕೂತಿತು. ಗುರುಸಿದ್ದಪ್ಪ ಮೊಣಕಾಲಿನಿಂದ ಒತ್ತಿ ಹಿಡಿದ. ಆಮೇಲೆ ನಡೆದದ್ದನ್ನು ಕಾಂಚನಾ ಇವತ್ತಿಗೂ ಬಣ್ಣಿಸುತ್ತಾಳೆ. ಸುಣ್ಣದ ಗೆರೆಗೆ ಚಕ್ರ ತಾಕಿಸದೆ, ಮೆಣಸಿನಕಾಯಿಯ ಖಾರಕ್ಕೆ ಕಣ್ಣು ಅರ್ಧ ಮುಚ್ಚಿಕೊಂಡೇ, ಒಂದಲ್ಲ, ಎರಡು ಎಂಟು ಹೊಡೆದ. ಎರಡನೆಯದನ್ನು ಯಾರೂ ಕೇಳಿರಲಿಲ್ಲ. ಖುಷಿಗೆ ಹೊಡೆದ.

ಸಾಹೇಬರು ಸ್ಕೂಟಿಯನ್ನೊಮ್ಮೆ ನೋಡಿ, ಕಾಗದದ 'ಗಾಡಿಯ ಬಗೆ' ಎಂಬಲ್ಲಿ ಏನೋ ಗೆರೆ ಹೊಡೆದು, ಏನೋ ಬರೆದು, ಏನೋ ಹೇಳಿ, "ಒಪ್ಪಿಗಿ ಐತಿಲ್ಲ? ಇಲ್ಲೊಂದ ಸಹಿ ಮಾಡ್ರಿ," ಎಂದರು. ಗುರುಸಿದ್ದಪ್ಪನಿಗೆ ಕಾಗದ ಕಾಣಿಸುತ್ತಿರಲಿಲ್ಲ, ಬರೀ ನೀರು ಕಾಣಿಸುತ್ತಿತ್ತು. ಪಕ್ಕದಲ್ಲಿ ಮುತ್ತವ್ವ ಫೋನಿನಲ್ಲಿ ಕೂಗಾಡುತ್ತಿದ್ದುದರಿಂದ ಮಾತೂ ಕೇಳಿಸಲಿಲ್ಲ. ಆ ಹೊತ್ತಿನಲ್ಲಿ ಮನೆ ಬರೆದುಕೊಡು ಎಂದಿದ್ದರೂ ಬರೆದುಕೊಡುತ್ತಿದ್ದ. ಗೋಣು ಹಾಕಿ ಸಹಿ ಮಾಡಿದ. ಸಂಜೆಯೊಳಗೆ ಮೊಬೈಲಿಗೆ ಬರುತ್ತದೆ, ಕಾರ್ಡು ಆಮೇಲೆ ಪೋಸ್ಟಿನಲ್ಲಿ ಬರುತ್ತದೆ ಎಂದು ಸಿಬ್ಬಂದಿ ಹೇಳಿದ.

"ಯಾರ ಕೂಡ ಮಾತಾಡಿದಿ ದೊಡವ್ವಾ?" ಎಂದು ಆಮೇಲೆ ಅನುಮಾನದಿಂದ ಕೇಳಿದ.

"ನನ್ನ ಸೊಸಿ ಇಂದ್ರವ್ವನ ಕೂಡ. ನೀ ಪಾಸಾದದ್ದ ಆಕಿಗೊಬ್ಬಾಕಿಗೇ ಹೇಳೇನಿ. ಆಕಿ ಯಾರ ಮುಂದೂ ಹೇಳಂಗಿಲ್ಲ."

ಕಣ್ಣಿನ ದವಾಖಾನೆ ಮುಗಿಸಿ, ಅಂಗಡಿಗೆ ಅರ್ಧ ಮಾಲು ಕೊಟ್ಟು, ಇಬ್ಬರೂ ಹಿಂದಿರುಗುವಾಗ ಬಿಸಿಲು ಇಳಿದಿತ್ತು. ಲೈಸನ್ಸ್ ಮೊಬೈಲಿಗೆ ಬಂದಾಗಿತ್ತು, ಗುರುಸಿದ್ದಪ್ಪ ಬೇರೆಯೇ ಮನುಷ್ಯನಾಗಿದ್ದ. ಹೆಲ್ಮೆಟ್ಟು ತಲೆಯ ಮೇಲೇ ಇತ್ತು. ಎಡಗಡೆಗೆ ಅಂಟಿಕೊಂಡು, ತಿರುವಿಗೆಲ್ಲ ಕೈ ತೋರಿಸುತ್ತ, ಉಬ್ಬು ಬಂದಲ್ಲಿ ನಿಧಾನ ಮಾಡುತ್ತ ಹೊರಟ. ಹಿಂದಿನಿಂದ ಬಂದವರೆಲ್ಲ ಹಾರ್ನು ಹೊಡೆದು ಬೈದುಕೊಂಡು ಮುಂದೆ ಹೋದರು. "ಹೋಗ್ಲಿ ಬಿಡು, ತಿಳೀದ ಮಂದಿ," ಎಂದು ದೊಡ್ಡ ಮನಸ್ಸು ಮಾಡಿದ.

ಸರ್ಕಲ್ಲಿನಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ! ಹೆಲ್ಮೆಟ್ಟಿನೊಳಗೆ ಇರುವವರು ಯಾರೆಂದು ಅವನಿಗೆ ತಿಳಿಯಲಿಲ್ಲ.

"ಲೈಸನ್ಸ್ ತೋರಸ್ರಿ."

ಗುರುಸಿದ್ದಪ್ಪನಿಗೆ ಆದ ಆನಂದ ಹೇಳತೀರದು. ಮೊಬೈಲು ಹುಡುಕಲು ಹೆಲ್ಮೆಟ್ಟು ತೆಗೆದ. ವಿಭೂತಿ ಕಾಣಿಸಿತು.

"ಅಯ್ಯ, ನೀವೇನ್ರಿ ಯಜಮಾನ್ರ! ಹೋಗ್ರಿ ಹೋಗ್ರಿ."

"ಇಲ್ರಿ, ನೋಡ್ರಿ. ಇವತ್ತ ಐತ್ರಿ ನನ್ನ ಹಂತ್ಯಾಕ!"

"ನಿಮ್ಮಂಥಾವ್ರನ್ನೂ ಲೈಸನ್ಸ್ ಕೇಳಿದ್ರ ಹ್ಯಾಂಗ್ರಿ. ನಡೀರಿ, ಹಿಂದ ಗಾಡಿ ನಿಂತಾವು."

"ಒಂದ ಸಲ ನೋಡ್ರೀ!"

ನೋಡಲಿಲ್ಲ. ಗುರುಸಿದ್ದಪ್ಪ ಮುಖ ಸಣ್ಣದು ಮಾಡಿಕೊಂಡು ಗೇರು ಹಾಕಿದ. ಇರಲಿ, ಓಣಿಯಲ್ಲಿ ನೋಡುವವರಿದ್ದಾರಲ್ಲ. ಬಸವಕುಮಾರನಿಗೆ ಹೇಗೆ ತೋರಿಸಬೇಕು, ತಾರೀಖಿನ ಮೇಲೆ ಹೆಬ್ಬೆರಳು ಹೇಗೆ ಇಟ್ಟುಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ರೂಢಿ ಮಾಡಿಕೊಂಡ.

ರೂಢಿ ವ್ಯರ್ಥವಾಯಿತು. ಓಣಿಯ ಬಾಯಲ್ಲಿ ಇಪ್ಪತ್ತು ಮೂವತ್ತು ಮಂದಿ ನಿಂತಿದ್ದರು. ಇಂದ್ರವ್ವ ಯಾರ ಮುಂದೂ ಹೇಳಿರಲಿಲ್ಲ, ಎಲ್ಲರ ಮುಂದೆ ಹೇಳಿದ್ದಳು. ಗಂಗಾಂಬಿಕಾ ಆರತಿ ತಟ್ಟೆ ಹಿಡಿದಿದ್ದಳು. ಬಸವಕುಮಾರನ ಕೈಯಲ್ಲಿ ಚೆಂಡುಹೂವಿನ ಮಾಲೆಯಿತ್ತು. ಚಹಾದಂಗಡಿಯ ದುರಗೇಶ ಎಲ್ಲರಿಗಿಂತ ಮುಂದಿದ್ದ.

"ಯಪ್ಪಾ ಗುರಸಿದ್ದಪ್ಪಾ, ನಿನ್ನ ಬಾಯಿಗಂಜಿ ನಾ ಹೋದ ವರ್ಷ ಮೂರ ಸಲ ಜಮಖಂಡಿಗಿ ಹೋಗಿ ಎಂಟ ಹೊಡದೇನಿ. ನಿನ್ನ ಹಂತ್ಯಾಕ ಲೈಸನ್ಸ ಇದ್ದಿಲ್ಲಂತಲ್ಲೋ!"

ನಗೆ ಓಣಿಯ ಆ ತುದಿಯವರೆಗೂ ಹೋಯಿತು. ಗುರುಸಿದ್ದಪ್ಪ ಸ್ಕೂಟರಿನ ಮೇಲೆಯೇ ತಲೆ ತಗ್ಗಿಸಿ ಕೂತ. ನಿಜವಾಗಿಯೂ ನಾಚಿಕೆಯಾಯಿತು. ಆದರೆ ನಾಚಿಕೆಯ ಹಿಂದೆಯೇ ಏನೋ ಹಗುರವೂ ಆಯಿತು. ಇನ್ನು ಹುಡುಕುವ ನಾಟಕ ಆಡಬೇಕಿಲ್ಲ.

"ಹೌದ್ರೋ, ಇದ್ದಿಲ್ಲ," ಎಂದ. "ಇಪ್ಪತ್ತೆರಡ ವರ್ಷ ಇದ್ದಿಲ್ಲ. ನಿಮಗೆಲ್ಲಾ ಕೇಳಿ ಕೇಳಿ ನನಗ ಐತಿ ಅಂತನ ಅನಸಿತ್ತು. ಎಲ್ಲಾರೂ ಒಂದೊಂದ ಮಾತ ಬೈರಿ ನನಗ, ನಾ ಕೇಳ್ತೀನಿ." ಯಾರೂ ಬಯ್ಯಲಿಲ್ಲ. ಅದನ್ನು ನೋಡಿ ಅವನ ದನಿ ಏರಿತು. "ಆದ್ರ ಇವತ್ತಿಂದ ಐತಿ! ಬಸವಕುಮಾರಾ, ಕೇಳಲೇ ನನಗ!"

ಬಸವಕುಮಾರ ಮಾಲೆ ಹಾಕಿ, ನಗುತ್ತ ಕೇಳಿದ. "ಲೈಸನ್ಸ್ ಐತೇನ್ರಿ ಕಾಕಾ?"

"ಐತಿ! ತಗೋ, ಓದು. ಎಲ್ಲಾರಿಗೂ ಕೇಳೂವಂಗ ಓದು."

ಬಸವಕುಮಾರ ಮೊಬೈಲು ತೆಗೆದುಕೊಂಡು, ಸಂಜೆಗೆ ಬಂದಿದ್ದ ಲೈಸನ್ಸನ್ನು ತೆರೆದ. ಹೆಸರು ಓದಿದ, ಊರು ಓದಿದ, ಜನ ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಿಂತ. ಮೊಬೈಲು ನೋಡಿದ. ಸ್ಕೂಟರು ನೋಡಿದ. ಮತ್ತೆ ಮೊಬೈಲು ನೋಡಿದ.

"ಯಾಕ ನಿಂತಿ?"

"ಕಾಕಾ… ಇದು ಗೇರ್ ಇಲ್ಲದ ಗಾಡಿ ಲೈಸನ್ಸ್ ರೀ."

"ಅಂದ್ರ?"

"ಅಂದ್ರ ನೀವು ಕಾಂಚನಕ್ಕನ ಸ್ಕೂಟಿ ಹೊಡೀಬಹುದ್ರಿ. ಇದನ್ನ ಹೊಡಿಯಾಕ ಬರಂಗಿಲ್ಲ. ಇದಕ್ಕ ಗೇರ್ ಐತೆಲ್ಲ."

ಕಾಂಚನಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಸಹಿ ಮಾಡೂಮುಂದ ಸಾಹೇಬ್ರು ಅದನ್ನ ಹೇಳಿದ್ರಲ್ರಿ ಕಾಕಾರ. ಈ ಸ್ಕೂಟಿ ಮ್ಯಾಲ ಹೊಡದದ್ದಕ್ಕ ಗೇರ್ ಇಲ್ಲದ್ದಕ್ಕಷ್ಟ ಕೊಡ್ತೀನಿ, ಒಪ್ಪಿಗಿ ಏನು ಅಂತ. ನೀವು ಗೋಣ ಹಾಕಿದ್ರಿ."

ಸ್ಕೂಟರು ಇನ್ನೂ ಗುರುಗುಟ್ಟುತ್ತಿತ್ತು. ಗಂಗಾಂಬಿಕಾ ಆರತಿ ತಟ್ಟೆಯನ್ನು ಇಂದ್ರವ್ವನ ಕೈಗೆ ಕೊಟ್ಟು ಮುಂದೆ ಬಂದಳು.

"ನನಗ ಒಂದ ಸಲ ತಿಳಿಸಿ ಹೇಳ್ರಿ. ಇಷ್ಟ ವರ್ಷ ಗಾಡಿ ಇತ್ತು, ಲೈಸನ್ಸ್ ಇದ್ದಿಲ್ಲ. ಈಗ ಲೈಸನ್ಸ್ ಐತಿ, ಗಾಡಿ ಇಲ್ಲ. ಹೌದಿಲ್ರಿ?"

ಗುರುಸಿದ್ದಪ್ಪ ತನ್ನ ಮನೆಯ ಕಡೆ ನೋಡಿದ. ನಲವತ್ತು ಹೆಜ್ಜೆ ಆಚೆ ಕಟ್ಟೆ ಕಾಣುತ್ತಿತ್ತು. ನಿನ್ನೆಯವರೆಗೆ ಮೂರು ತಾಲೂಕು ಯಾವ ಅಂಜಿಕೆಯಿಲ್ಲದೆ ಸುತ್ತಿದ ಗಾಡಿ ಇದು. ಈಗ ಇಷ್ಟು ಜನರ ಎದುರಿಗೆ, ಕೊರಳಲ್ಲಿ ಮಾಲೆ ಹಾಕಿಕೊಂಡು, ಆ ನಲವತ್ತು ಹೆಜ್ಜೆಗೆ ಗೇರು ಹಾಕುವ ಧೈರ್ಯ ಅವನಿಗೆ ಬರಲಿಲ್ಲ. ಸ್ಕೂಟರು ಆರಿಸಿದ. ಇಳಿದು ಹ್ಯಾಂಡಲ್ ಹಿಡಿದು ನೂಕಲು ನೋಡಿದರೆ ಗಾಡಿ ಅಲುಗಲಿಲ್ಲ. ತಿರುಗಿ ನೋಡಿದ. ಮುತ್ತವ್ವ ಹಿಂದಿನ ಸೀಟಿನ ಮೇಲೆ ಹಾಗೆಯೇ ಕೂತಿದ್ದಳು.

"ಇಳಿ ದೊಡವ್ವಾ."

"ನಾ ಯಾಕ ಇಳೀಲಿ? ನೀ ನೂಕ ತಮ್ಮಾ," ಎಂದಳು ಮುತ್ತವ್ವ. ಆಮೇಲೆ ಬಸವಕುಮಾರನ ಕಡೆ ತಿರುಗಿದಳು. "ಹಿಂದ ಕುಂಡ್ರಾಕ ಲೈಸನ್ಸ್ ಬೇಕೇನೋ ಯಪ್ಪಾ?"

"ಬ್ಯಾಡ್ರಿ ಆಯಿ."

ಗುರುಸಿದ್ದಪ್ಪ ನೂಕಿದ.